ಡಿವಿಡಿ ಹಾಕಿದ್ರೂ ಬೂಟ್ ಆಗ್ತಿಲ್ಲ: ಶಾಲೆ ಲ್ಯಾಬ್‌ನ ಒಂಬತ್ತು ಹಳೇ ಕಂಪ್ಯೂಟರ್‌ಗಳು

ಜಗಳೂರು ಮೇಷ್ಟ್ರು · ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಲ್ಯಾಬ್‌ನಲ್ಲಿ ಒಂಬತ್ತು ಮಷೀನ್ ಇವೆ. ಐದು ಕೋರ್ 2 ಡ್ಯುಯೋ, ಜಿ31 ಬೋರ್ಡ್, 2 ಜಿಬಿ ರ‍್ಯಾಮ್. ಮೂರು ಡೆಲ್ ಡೆಸ್ಕ್‌ಟಾಪ್, ಐ3 ಮೂರನೇ ತಲೆಮಾರು, 4 ಜಿಬಿ. ಒಂದು ಲ್ಯಾಪ್‌ಟಾಪ್, ಐ5 ಹನ್ನೊಂದನೇ ತಲೆಮಾರು. ಅದರಲ್ಲಿ ಡ್ರೈವ್ ಇಲ್ಲ, ಯುಎಸ್‌ಬಿ ಡಿವಿಡಿ ಡ್ರೈವ್ ಹಚ್ಚಿದ್ದೇನೆ. ಇವಕ್ಕೆ ಲಿನಕ್ಸ್ (ವಿಂಡೋಸ್ ಬದಲು ಹಾಕೋ ಉಚಿತ ವ್ಯವಸ್ಥೆ) ಹಾಕಬೇಕು. ಕೈಯಲ್ಲಿರೋದು ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿಯ ಡಿವಿಡಿ ಮತ್ತು ಡೆಬಿಯನ್ 12ರ ಚಿಕ್ಕ ಸಿಡಿ.

ಆಗ್ತಿರೋದು ಹೀಗೆ. ಜಿ31ರಲ್ಲಿ ಎರಡು ಮಷೀನ್‌ನಲ್ಲಿ ಡ್ರೈವ್ ದೀಪ ಮಿನುಗಿ, "ಬೂಟ್ ಫ್ರಮ್ ಸಿಡಿ" ಅಂತ ಒಂದು ಸಾಲು ಬಂದು, ನೇರ ಹಳೇ ಎಕ್ಸ್‌ಪಿಗೆ ಹೋಗ್ತದೆ. ಇನ್ನೆರಡರಲ್ಲಿ ಡಿಸ್ಕ್ ಹಾಕಿದ್ದೇ ಗೊತ್ತಾಗ್ತಿಲ್ಲ. ಐದನೆಯದರಲ್ಲಿ ಡೆಬಿಯನ್ ಸಿಡಿ ಹಾಕಿದರೆ "ಐಸೊಲಿನಕ್ಸ್: ಇಮೇಜ್ ಚೆಕ್‌ಸಮ್ ಎರರ್, ಸಾರಿ". ಡೆಲ್‌ನಲ್ಲಿ ಒಂದು ಸರಿಯಾಗಿ ಮುಗಿಯಿತು. ಒಂದರಲ್ಲಿ ಮಿಂಟ್ ಮೆನು ಬಂದು, ಸ್ಟಾರ್ಟ್ ಒತ್ತಿದ ಮೇಲೆ ಪರದೆ ಕಪ್ಪು. ಮತ್ತೊಂದರಲ್ಲಿ ಸಾಲುಸಾಲು "ಸ್ಕ್ವಾಷ್‌ಎಫ್‌ಎಸ್ ಎರರ್". ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಒಮ್ಮೆ ಶುರುವಾಗ್ತದೆ, ಒಮ್ಮೆ ಇಲ್ಲ. ಶುರುವಾದರೂ ಒಳಗಿನ ಡಿಸ್ಕ್ ಪಟ್ಟಿಯಲ್ಲಿ ಕಾಣಲ್ಲ.

ಯಾವುದರಿಂದ ಬೂಟ್ ಆಗಬೇಕು ಅಂತ ಆರಿಸೋ ಮೆನುಗೆ ಎಲ್ಲದರಲ್ಲೂ ಎಫ್12 ಒತ್ತಿ ನೋಡಿದ್ದೇನೆ. ಎಲ್ಲಿಂದ ಹಿಡಿಯಬೇಕು?

ಬೆಣ್ಣೆ ಖಾಲಿ · 9:18

ಈ ಕಾಲದಲ್ಲಿ ಡಿವಿಡಿ ಯಾಕೆ ಸರ್, ಪೆನ್‌ಡ್ರೈವ್ ಇಲ್ವಾ?

ಜಗಳೂರು ಮೇಷ್ಟ್ರು · 9:25

ಇರೋದು ಒಂದೇ, 4 ಜಿಬಿಯದು. ಜಿ31 ಮಷೀನ್‌ಗಳ ಮುಂದಿನ ಯುಎಸ್‌ಬಿ ಪೋರ್ಟ್ ಮುರಿದಿವೆ, ಹಿಂದಿನವಕ್ಕೆ ಕೀಬೋರ್ಡ್ ಮೌಸ್ ಹಾಕಿದೆ. ಖಾಲಿ ಡಿವಿಡಿ ಒಂದು ಡಬ್ಬಿ ಇದೆ.

ಖಾರಮಂಡಕ್ಕಿ · 9:41

ಮೇಷ್ಟ್ರೇ, ಮೊದ್ಲು ಡಿಸ್ಕ್ ನೋಡಾಣ, ಮಷೀನ್ ಆಮೇಲೆ. ರೈಟ್ ಮಾಡಿದ ಡಿವಿಡೀನ ಚೆನ್ನಾಗಿರೋ ಯಾವ್ದಾದ್ರೂ ಕಂಪ್ಯೂಟರ್‌ಗೆ ಹಾಕಿ ಒಳಗೆ ಏನೈತಿ ತೆರೆದು ನೋಡ್ರಿ. ಐಎಸ್‌ಒ ಅನ್ನೋ ಒಂದೇ ಒಂದು ಫೈಲ್ ಕಂಡ್ರೆ ಅದು ಬೂಟ್ ಆಗಲ್ಲ. ಐಎಸ್‌ಒ ಅಂದ್ರೆ ಇಡೀ ಡಿಸ್ಕಿನ ಅಚ್ಚು. ಅದನ್ನ ಎಳೆದು ಡಿವಿಡಿ ಮೇಲೆ ಬಿಟ್ರೆ ಫೈಲ್ ಕಾಪಿ ಆಗ್ತತಿ ಅಷ್ಟೆ, ಅಚ್ಚು ಬೀಳಲ್ಲ. ಬೂಟ್, ಇಎಫ್‌ಐ, ಕ್ಯಾಸ್ಪರ್ ಅಂತ ನಾಕೈದು ಫೋಲ್ಡರ್ ಕಾಣ್ಬೇಕು.

ವಿಂಡೋಸ್ 7 ಅಥವಾ ಅದರ ಮ್ಯಾಲಿಂದಾದ್ರೆ ಐಎಸ್‌ಒ ಮೇಲೆ ರೈಟ್ ಕ್ಲಿಕ್ ಮಾಡಿ "ಬರ್ನ್ ಡಿಸ್ಕ್ ಇಮೇಜ್" ಒತ್ರಿ. ಬೇರೆ ಸಾಫ್ಟ್‌ವೇರ್ ಬೇಕಿಲ್ಲ. "ವೆರಿಫೈ ಡಿಸ್ಕ್ ಆಫ್ಟರ್ ಬರ್ನಿಂಗ್" ಅನ್ನೋ ಚೌಕದಾಗೆ ಟಿಕ್ ಹಾಕೋದು ಮರೀಬ್ಯಾಡ್ರಿ. ವೇಗ ಆರಿಸೋ ಅವಕಾಶ ಇರೋ ಸಾಫ್ಟ್‌ವೇರ್ ಆದ್ರೆ 4 ಪಟ್ಟು ಇಡ್ರಿ. ಆ ಡಿಸ್ಕ್ 4ಕ್ಕೆ ಒಪ್ಪದಿದ್ರೆ ಅದು ಕೊಡೋ ಕನಿಷ್ಠ ವೇಗ. ಡಿವಿಡಿಯ 1 ಪಟ್ಟು ಅಂದ್ರೆ ಸೆಕೆಂಡಿಗೆ ಸುಮಾರು 1.38 ಎಂಬಿ. ತುಂಬಿದ ಡಿವಿಡಿ 4 ಪಟ್ಟಿನಾಗೆ ಹದಿನಾಕು ಹದಿನೈದು ನಿಮಿಷ ಹಿಡೀತತಿ. 16 ಪಟ್ಟು ಹಾಕಿ ಐದು ನಿಮಿಷಕ್ಕೆ ಮುಗಿಸಿದ್ದು ರೈಟ್ ಮಾಡಿದ ಡ್ರೈವ್‌ನಾಗೆ ಚೆಂದ ಓಡ್ತತಿ, ಹತ್ತು ವರ್ಷದ ಹಳೇ ಡ್ರೈವ್ ಮಾತ್ರ ಒಲ್ಲೆ ಅಂತತಿ. ರೈಟ್ ಆಗೋದು ನಡುವಿನಿಂದ ಹೊರಗೆ. ವೇಗ ಹೆಚ್ಚಾದಾಗ ಕೆಡೋದು ಸಾಮಾನ್ಯಕ್ಕೆ ಹೊರ ಅಂಚು. ಹಂಗಾಗೇ ಮೆನು ಬರ್ತತಿ, ಅರ್ಧದಾಗೆ ಕೈ ಕೊಡ್ತತಿ.

ಇನ್ನೊಂದು, ಡಬ್ಬಿ ಮೇಲೆ 4.7 ಜಿಬಿ ಅಂತ ಇದ್ರೂ ವಿಂಡೋಸ್ ಲೆಕ್ಕದಾಗೆ ಅದು 4.37. ಉಬುಂಟು 24.04 ಐಎಸ್‌ಒ 5 ಜಿಬಿ ದಾಟೈತಿ, ಅದು ಒಂದು ಪದರದ ಡಿವಿಡಿಗೆ ಹಿಡ್ಸಲ್ಲ. ನಿಮ್ಮ ಮಿಂಟ್ ಹಿಡ್ಸತತಿ. ಡೆಬಿಯನ್ ಚಿಕ್ಕದು 700 ಎಂಬಿ ಸಿಡಿಗೂ ಸಾಕು.

ಆರ್‌ಡಬ್ಲ್ಯು ಡಿಸ್ಕ್, ಅಂದ್ರೆ ಅಳಿಸಿ ಬರೆಯೋದು, ಬ್ಯಾಡ. ಅದರ ಮೇಲ್ಮೈ ಬೆಳಕು ವಾಪಸ್ ಕೊಡೋದು ಕಮ್ಮಿ. ಹಳೇ ಡ್ರೈವ್‌ಗೆ ಅದು ಕತ್ತಲ ಕೋಣೆ ಇದ್ದಂಗೆ.

ಕೋಟೆ ಗಾಳಿ · 10:05

ಮಂಡಕ್ಕಿಯವರ ಮಾತಿಗೆ ಒಂದು ಸೇರಿಸ್ತೀನಿ. ಡಿಸ್ಕ್ ಸುಡೋಕೆ (ರೈಟ್ ಮಾಡೋಕೆ) ಮುಂಚೆ ಡೌನ್‌ಲೋಡ್ ಆದ ಐಎಸ್‌ಒನೇ ಸರಿ ಇದೆಯಾ ನೋಡಿ. ನೆಟ್ ನಡುವೆ ಕಡಿದು ಮತ್ತೆ ಶುರುವಾದ ಫೈಲ್‌ಗಳಲ್ಲಿ ಇದು ಸಾಮಾನ್ಯ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಸರ್ಟ್‌ಯುಟಿಲ್", ಜಾಗ ಬಿಟ್ಟು ಅಡ್ಡಗೆರೆ ಸಮೇತ "ಹ್ಯಾಶ್‌ಫೈಲ್", ಆಮೇಲೆ ಫೈಲ್ ಹೆಸರು, ಕೊನೆಗೆ "ಎಸ್‌ಎಚ್‌ಎ256". ಬರೋ 64 ಅಕ್ಷರದ ಸಾಲು ಮಿಂಟ್ ತಾಣದಲ್ಲಿ ಕೊಟ್ಟಿರೋದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಅಕ್ಷರ ಬೇರೆ ಇದ್ರೂ ಫೈಲ್ ಕೆಟ್ಟಿದೆ ಅಂತಲೇ ಅರ್ಥ. ವೆರಿಫೈ ಟಿಕ್ ಇದನ್ನ ಹಿಡಿಯಲ್ಲ. ಅದು ಡಿಸ್ಕ್ ಮತ್ತು ಐಎಸ್‌ಒ ಒಂದೇ ಥರ ಇವೆಯಾ ಅಂತ ಮಾತ್ರ ನೋಡ್ತೈತೆ. ಕೆಟ್ಟ ಐಎಸ್‌ಒ ಅನ್ನ ಚಾಚೂ ತಪ್ಪದೆ ಸುಟ್ಟಿದ್ರೂ "ಸರಿ" ಅಂತೈತೆ.

ತುಂಗಭದ್ರಾ ದಂಡೆ · 10:32

ಮೇಷ್ಟ್ರು ಒಂದು ಒಳ್ಳೇ ಕೆಲಸ ಮಾಡಿದ್ದಾರೆ, ಪರದೆ ಮೇಲೆ ಬಂದದ್ದನ್ನ ಹಾಗೇ ಬರೆದಿದ್ದಾರೆ. ಬರೀ "ಬೂಟ್ ಆಗ್ತಿಲ್ಲ" ಅಂದರೆ ಏನೂ ಹೇಳಿದ ಹಾಗಲ್ಲ. ಎಲ್ಲಿವರೆಗೆ ಹೋಗಿ ನಿಂತಿತು ಅನ್ನೋದೇ ಮುಖ್ಯ, ಯಾಕಂದರೆ ಡಿಸ್ಕ್ ಓದುವವರು ದಾರಿಯಲ್ಲಿ ಬದಲಾಗ್ತಾರೆ.

ಮೊದಲು ಓದೋದು ಬೋರ್ಡ್ ಮೇಲಿನ ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದ ತಕ್ಷಣ ಮೊದಲು ಏಳೋ ಪುಟ್ಟ ತಂತ್ರಾಂಶ. ಸಿಡಿ ಡಿವಿಡಿಯ ಒಂದು ಸೆಕ್ಟರ್ 2048 ಬೈಟ್. ಸೊನ್ನೆಯಿಂದ ಎಣಿಸಿದರೆ 16ನೇ ಸೆಕ್ಟರ್‌ನಲ್ಲಿ ಡಿಸ್ಕಿನ ಜಾತಕ ಇರುತ್ತೆ, 17ರಲ್ಲಿ "ಎಲ್ ಟೊರಿಟೊ" ಅನ್ನೋ ಗುರುತು. ಇದು ಫೀನಿಕ್ಸ್ ಮತ್ತು ಐಬಿಎಂ ಸೇರಿ 1995ರಲ್ಲಿ ಮಾಡಿದ ಪದ್ಧತಿ. ಆ ಗುರುತು ಬೂಟ್ ಪಟ್ಟಿ ಎಲ್ಲಿದೆ ಅಂತ ತೋರಿಸುತ್ತೆ, ಪಟ್ಟಿ ಬೂಟ್ ಲೋಡರ್ (ವ್ಯವಸ್ಥೆಯನ್ನ ಎಬ್ಬಿಸೋ ಪುಟ್ಟ ಪ್ರೋಗ್ರಾಂ) ಎಲ್ಲಿದೆ ಅಂತ ತೋರಿಸುತ್ತೆ. ಎರಡನೇ ಸರದಿ ಆ ಲೋಡರ್‌ದು. ಅದೂ ಬಯಾಸ್‌ನ ಕೈಯಿಂದಲೇ ಓದಿಸಿಕೊಳ್ಳುತ್ತೆ. ಮೂರನೇ ಸರದಿ ಕರ್ನಲ್‌ದು, ಅಂದರೆ ಲಿನಕ್ಸ್ ಅಥವಾ ವಿಂಡೋಸ್‌ನ ತಿರುಳು. ಅದು ಬಂದ ಗಳಿಗೆಯಿಂದ ಬಯಾಸ್ ಪಕ್ಕಕ್ಕೆ ಸರಿಯುತ್ತೆ, ಕರ್ನಲ್ ತನ್ನದೇ ಡ್ರೈವರ್‌ನಿಂದ (ಯಂತ್ರಾಂಶ ನಡೆಸೋ ತಂತ್ರಾಂಶದಿಂದ) ಡಿಸ್ಕ್ ಹುಡುಕಬೇಕು. ಡಿವಿಡಿಯಿಂದಲೇ ಶುರುವಾದ ಇನ್‌ಸ್ಟಾಲರ್ ಅರ್ಧದಲ್ಲಿ "ಡಿವಿಡಿ ಡ್ರೈವ್ ಸಿಗ್ತಿಲ್ಲ" ಅಂತ ಕೇಳೋ ತಮಾಷೆಗೆ ಕಾರಣ ಇದೇ.

ಈಗ ನಿಮ್ಮ ಮೊದಲ ಎರಡು ಜಿ31. "ಬೂಟ್ ಫ್ರಮ್ ಸಿಡಿ" ಸಾಲು ಬಂದಿದೆ ಅಂದರೆ ಬೂಟ್ ಕ್ರಮ ಸರಿ ಇದೆ, ಬಯಾಸ್ ಡಿಸ್ಕ್ ಕಡೆ ಹೋಗಿ ನೋಡಿದೆ, ಬೂಟ್ ಗುರುತು ಸಿಗದೆ ಮುಂದಿನ ಸಾಧನಕ್ಕೆ ಹೋಗಿದೆ. ಸೆಟಪ್‌ನಲ್ಲಿ ಏನೂ ಬದಲಾಯಿಸೋದು ಬೇಡ, ತಪ್ಪು ಇರೋದು ಡಿಸ್ಕ್‌ನಲ್ಲಿ. ಹೆಚ್ಚುಕಮ್ಮಿ ಖಂಡಿತ ಐಎಸ್‌ಒ ಫೈಲ್ ಆಗಿ ಕಾಪಿಯಾದ ಡಿವಿಡಿ ಇವೆರಡಕ್ಕೆ ಹೋಗಿದೆ. ಐದನೆಯದರಲ್ಲಿ ಐಸೊಲಿನಕ್ಸ್ ಹೆಸರು ಬಂತು ಅಂದರೆ ಗುರುತು ಸಿಕ್ಕಿದೆ, ಲೋಡರ್ ಕೂಡ ಶುರುವಾಗಿದೆ, ತನ್ನನ್ನೇ ಓದಿಕೊಂಡು ಲೆಕ್ಕ ಹಾಕಿದರೆ ತಾಳೆ ಬರ್ತಿಲ್ಲ. ಅದು ಓದಿನ ದೋಷ: ಡಿಸ್ಕ್, ಲೆನ್ಸ್, ಕೇಬಲ್ ಈ ಮೂರರಲ್ಲಿ ಒಂದು.

ಎಫ್12 ವಿಷಯ. ಡೆಲ್‌ಗೆ ಸರಿ, ಗಿಗಾಬೈಟ್ ಬೋರ್ಡ್‌ಗೂ ಸರಿ. ಇಂಟೆಲ್ ಬೋರ್ಡ್ ಆದರೆ ಎಫ್10, ಏಸಸ್ ಬೋರ್ಡ್ ಆದರೆ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್ ಆದರೆ ಎಫ್11, ಎಚ್‌ಪಿ ಆದರೆ ಎಫ್9. ಏಸರ್‌ನಲ್ಲಿ ಎಫ್12 ಇದೆ, ಆದರೆ ಹಲವು ಮಾದರಿಗಳಲ್ಲಿ ಎಫ್2 ಒತ್ತಿ ಸೆಟಪ್‌ಗೆ ಹೋಗಿ ಆ ಮೆನುವನ್ನೇ ಮೊದಲು ಆನ್ ಮಾಡಬೇಕು.

ಜಗಳೂರು ಮೇಷ್ಟ್ರು · ಮಧ್ಯಾಹ್ನ 1:15

ನೀವು ಹೇಳಿದ್ದೇ ನಿಜ. ಒಂದು ಡಿವಿಡಿಯಲ್ಲಿ ಒಂದೇ ಐಎಸ್‌ಒ ಫೈಲ್ ಇತ್ತು. 64 ಅಕ್ಷರ ತಾಳೆ ನೋಡಿ, ಹೊಸದಾಗಿ ಸುಟ್ಟೆ. ಮೊದಲ ಎರಡು ಜಿ31ರಲ್ಲಿ ಮೆನು ಬಂತು, ಇನ್‌ಸ್ಟಾಲ್ ನಡೀತಿದೆ. ಏನೂ ಓದದ ಎರಡು ಹಾಗೇ ಇವೆ. ಅದರಲ್ಲಿ ಒಂದು ಟಕ್ ಟಕ್ ಅಂತ ಮೂರು ಸಲ ಸದ್ದು ಮಾಡಿ ಸುಮ್ಮನಾಗ್ತದೆ. ಇನ್ನೊಂದು ಬಯಾಸ್ ಪಟ್ಟಿಯಲ್ಲೇ ಕಾಣಲ್ಲ.

ಖಾರಮಂಡಕ್ಕಿ · 1:50

ಎರಡೂ ಬೇರೆ ಬೇರೆ ರೋಗ.

ಪಟ್ಟಿನಾಗೇ ಕಾಣದ್ದು ಅಂದ್ರೆ ಕರೆಂಟ್ ಅಥವಾ ಕೇಬಲ್. ಗೋಡೆ ಪ್ಲಗ್ ತೆಗೆದು ಪೆಟ್ಟಿಗೆ ಬಿಚ್ರಿ. ಟ್ರೇ ಗುಂಡಿ ಒತ್ತಿದ್ರೆ ಟ್ರೇ ಹೊರಗೆ ಬರ್ತಿತ್ತಾ? ಬರ್ತಿದ್ರೆ ಕರೆಂಟ್ ಐತಿ, ಡೇಟಾ ಕೇಬಲ್ ನೋಡ್ರಿ. ಬರದಿದ್ರೆ ಪವರ್ ಕೇಬಲ್. ಡ್ರೈವ್ ಸಾಟಾ ಆದ್ರೆ ಸಣ್ಣ ಏಳು ಪಿನ್ನಿನ ಡೇಟಾ ಕೇಬಲ್, ಅಗಲದ ಹದಿನೈದು ಪಿನ್ನಿನ ಪವರ್ ಕೇಬಲ್. ಹಾರ್ಡ್ ಡಿಸ್ಕಿನ ಡೇಟಾ ಕೇಬಲ್ ಕಿತ್ತು ಡಿವಿಡಿಗೆ ಹಾಕಿ ನೋಡಿದ್ರೆ ಕೇಬಲ್ದಾ, ಡ್ರೈವ್ದಾ, ಎರಡೇ ನಿಮಿಷದಾಗೆ ಗೊತ್ತಾಗ್ತತಿ. ಅಗಲವಾದ ಪಟ್ಟಿ ಕೇಬಲ್ ಇದ್ರೆ ಅದು ಐಡಿಇ. ಡ್ರೈವ್ ಹಿಂದೆ ಒಂದು ಪುಟಾಣಿ ಜಂಪರ್ ಇರ್ತತಿ. ಒಂದೇ ಕೇಬಲ್‌ನಾಗೆ ಹಾರ್ಡ್ ಡಿಸ್ಕ್, ಡಿವಿಡಿ ಎರಡೂ ಮಾಸ್ಟರ್ ಆಗಿದ್ರೆ ಒಂದು ಮಾಯ. ಒಂದನ್ನ ಮಾಸ್ಟರ್, ಇನ್ನೊಂದನ್ನ ಸ್ಲೇವ್ ಮಾಡ್ರಿ. ಕೇಬಲ್ ಕೆಂಪು ಗೆರೆ ಪವರ್ ಕಡೆಗೆ ಇರಬೇಕು.

ಟಕ್ ಟಕ್ ಅನ್ನೋದು ಲೆನ್ಸ್ ಫೋಕಸ್ ಹುಡುಕ್ತಿರೋ ಸದ್ದು. ಮೊದ್ಲು ಅಂಗಡೀಲಿ ಅಚ್ಚಾಗಿ ಬಂದ ಯಾವ್ದಾದ್ರೂ ಡಿಸ್ಕ್ ಹಾಕ್ರಿ, ಬೋರ್ಡ್ ಡ್ರೈವರ್ ಸಿಡಿ, ಹಾಡಿನ ಸಿಡಿ, ಯಾವ್ದಾದ್ರೂ. ಹಿಂಬದಿ ಬೆಳ್ಳಿ ಬಣ್ಣ ಇರೋದು. ಅದನ್ನ ಓದಿ, ನೀವು ಸುಟ್ಟ ನೇರಳೆ ಬಣ್ಣದ್ದನ್ನ ಓದದಿದ್ರೆ ಲೇಸರ್ ಸೋತೈತಿ ಅಂತ. ಸಿಡಿ ಓದಿ ಡಿವಿಡಿ ಓದದೆ ಇರಬಹುದು. ಡ್ರೈವ್‌ನಾಗೆ ಎರಡಕ್ಕೂ ಬೇರೆ ಬೇರೆ ಲೇಸರ್, ಒಂದು ಸತ್ತು ಒಂದು ಬದುಕಿರ್ತತಿ. ಅಂಥ ಡ್ರೈವ್‌ಗೆ ಡೆಬಿಯನ್ ಸಿಡಿನೇ ಗತಿ.

ಲೆನ್ಸ್ ಒರೆಸೋದು: ಟ್ರೇ ಹೊರಗೆ ತಂದು ಪ್ಲಗ್ ತೆಗೀರಿ. ಕಿವಿಗೆ ಹಾಕೋ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಒಂದು ಹನಿ, ಹೆಚ್ಚಂದ್ರೆ ಎರಡು. ಲೆನ್ಸ್ ಸ್ಪ್ರಿಂಗ್ ಮೇಲೆ ಕುಂತಿರ್ತತಿ, ಒತ್ತಬ್ಯಾಡ್ರಿ, ಸುತ್ತ ಒಮ್ಮೆ ಸವರಿ ಬಿಟ್ಬಿಡ್ರಿ. ಲ್ಯಾಪ್‌ಟಾಪ್ ಥರದ ತೆಳು ಡ್ರೈವ್ ಆದ್ರೆ ಲೆನ್ಸ್ ಟ್ರೇ ಮೇಲೇ ಕಾಣ್ತತಿ. ಡೆಸ್ಕ್‌ಟಾಪ್‌ನದು ಒಳಗೆ ಇರ್ತತಿ, ನಾಕು ಸ್ಕ್ರೂ ಬಿಚ್ಬೇಕು. ಸ್ಪಿರಿಟ್, ಕೊಬ್ರಿ ಎಣ್ಣೆ, ಪೆಟ್ರೋಲು ಯಾವ್ದೂ ಬ್ಯಾಡ. ಇಲ್ಲಿ ಮಂಡಕ್ಕಿ ಭಟ್ಟಿ ಕಡೆಯಿಂದ ಬರೋ ಡ್ರೈವ್‌ಗಳಾಗೆ ಮಸಿ ಲೆನ್ಸ್ ಮೇಲೆ ಜಿಡ್ಡಿನಂಗೆ ಕುಂತಿರ್ತತಿ, ಬರೀ ಊದಿದ್ರೆ ಹೋಗಲ್ಲ. ನಿಮ್ಮ ಕಡೆ ಒಣ ಧೂಳು, ಒಣ ಮೆತ್ತನೆ ಬ್ರಷ್‌ನಾಗೇ ಮುಗಿಯಬಹುದು.

ಇಷ್ಟಾದ್ರೂ ಓದದಿದ್ರೆ ಅದಕ್ಕೆ ದುಡ್ಡು ಹಾಕಬ್ಯಾಡ್ರಿ. ಇನ್‌ಸ್ಟಾಲ್‌ಗೆ ಡ್ರೈವ್ ಬೇಕಾಗೋದು ಒಂದೇ ಸಲ. ಚೆನ್ನಾಗಿರೋ ಡ್ರೈವ್ ಕಿತ್ತು ಹಾಕಿ, ಕೆಲಸ ಮುಗಿಸಿ, ವಾಪಸ್ ಇಡ್ರಿ.

ಕೋಟೆ ಗಾಳಿ · 2:20

ಅಥವಾ ಉಲ್ಟಾ: ಆ ಮಷೀನ್‌ನ ಹಾರ್ಡ್ ಡಿಸ್ಕ್ ಬಿಚ್ಚಿ ಸರಿಯಾಗಿರೋ ಡೆಲ್‌ಗೆ ಹಾಕಿ, ಅಲ್ಲಿ ಲಿನಕ್ಸ್ ಇನ್‌ಸ್ಟಾಲ್ ಮಾಡಿ, ಮತ್ತೆ ಜಿ31ಗೆ ತಂದು ಹಾಕಿದ್ರೂ ನಡೀತೈತೆ. ಲಿನಕ್ಸ್ ಪ್ರತಿ ಸಲ ಬೂಟ್ ಆಗುವಾಗ ಯಂತ್ರಾಂಶ ಹೊಸದಾಗಿ ಪತ್ತೆ ಮಾಡೋದ್ರಿಂದ ಬೋರ್ಡ್ ಬದಲಾದ್ರೂ ಅಳುಕಲ್ಲ. ಎರಡು ಎಚ್ಚರ. ಡೆಲ್‌ನ ಸ್ವಂತ ಡಿಸ್ಕ್ ಕೇಬಲ್ ತೆಗೆದಿಡಿ, ಇಲ್ಲಾಂದ್ರೆ ಬೂಟ್ ಲೋಡರ್ ಹೋಗಿ ತಪ್ಪು ಡಿಸ್ಕ್‌ನಲ್ಲಿ ಕೂರ್ತೈತೆ. ಎರಡನೆಯದು, ಡೆಲ್‌ನ ಎಫ್12 ಮೆನುವಿನಲ್ಲಿ ಲೆಗಸಿ ಪಟ್ಟಿಯ ಡಿವಿಡಿಯನ್ನೇ ಆರಿಸಿ. ಲೆಗಸಿ ಅಂದ್ರೆ ಹಳೇ ಬಯಾಸ್ ಪದ್ಧತಿ, ಯುಇಎಫ್‌ಐ ಅಂದ್ರೆ ಅದರ ಜಾಗಕ್ಕೆ ಬಂದ ಹೊಸದು. ಜಿ31ಗೆ ಯುಇಎಫ್‌ಐ ಗೊತ್ತೇ ಇಲ್ಲ. ಯುಇಎಫ್‌ಐನಲ್ಲಿ ಹಾಕಿ ತಂದ ಡಿಸ್ಕ್ ಅದರಲ್ಲಿ ಎದ್ದೇಳಲ್ಲ.

ಈಗ ಡೆಲ್ ಎರಡು. ಕಪ್ಪು ಪರದೆ ಇರೋದ್ರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದಾರಾ ನೋಡಿ. ಕಾರ್ಡ್ ಇದ್ದು ಮಾನಿಟರ್ ಕೇಬಲ್ ಬೋರ್ಡ್ ಮೇಲಿನ ಪೋರ್ಟ್‌ನಲ್ಲಿದ್ರೆ ಕೇಬಲ್ ಬದಲಿಸಿ. ಅದಲ್ಲ ಅಂದ್ರೆ ಮಿಂಟ್ ಮೆನುವಿನಲ್ಲಿ "ಕಂಪ್ಯಾಟಿಬಿಲಿಟಿ ಮೋಡ್" ಆರಿಸಿ. ಅದು ಮಾಡೋ ಮುಖ್ಯ ಕೆಲಸ, ಕರ್ನಲ್‌ಗೆ "ನೋಮೋಡ್‌ಸೆಟ್" ಅನ್ನೋ ಪದ ಕೊಡೋದು: ಗ್ರಾಫಿಕ್ಸ್ ಕಾರ್ಡ್ ತಂಟೆಗೆ ಈಗಲೇ ಹೋಗಬೇಡ, ಬಯಾಸ್ ಕೊಟ್ಟ ಚಿತ್ರದಲ್ಲೇ ಇರು ಅಂತ. ಡೆಬಿಯನ್ ಆದ್ರೆ ಕೈಯಲ್ಲೇ ಸೇರಿಸಬೇಕು. ಲೆಗಸಿ ಮೆನುವಿನಲ್ಲಿ ಟ್ಯಾಬ್ ಒತ್ತಿದ್ರೆ ಸಾಲು ತೆರೆದುಕೊಳ್ತೈತೆ, "ಕ್ವೈಯಟ್" ಅಳಿಸಿ ಆ ಪದ ಬರೆದು ಎಂಟರ್. ಯುಇಎಫ್‌ಐ ಮೆನುವಿನಲ್ಲಿ ಇ ಕೀ, ಬರೆದ ಮೇಲೆ ಎಫ್10. ಇನ್‌ಸ್ಟಾಲ್ ಆದ ಮೇಲೂ ಮೊದಲ ಬೂಟ್‌ನಲ್ಲಿ ಕಪ್ಪು ಬಂದ್ರೆ ಗಾಬರಿ ಬೇಡ, ಅಲ್ಲೂ ಇದೇ ಉಪಾಯ. ಸರಿಯಾದ ಡ್ರೈವರ್ ಕೂತ ಮೇಲೆ ಆ ಪದ ತೆಗೀರಿ, ಇಲ್ಲಾಂದ್ರೆ ವಿಡಿಯೊ ಎಳೆದೆಳೆದು ಬರ್ತೈತೆ.

ಸ್ಕ್ವಾಷ್‌ಎಫ್‌ಎಸ್ ಇನ್ನೊಂದು ಕಥೆ. ಇಡೀ ಮಿಂಟ್ ಡಿವಿಡಿಯಲ್ಲಿ ಒಂದೇ ದೊಡ್ಡ ಗಂಟಾಗಿ ಕಟ್ಟಿಟ್ಟಿರ್ತೈತೆ. ಗಂಟಿನ ಒಂದು ತುಣುಕು ಬಿಚ್ಚೋಕೆ ಆಗಲಿಲ್ಲ ಅಂತ ಆ ಸಂದೇಶ ಹೇಳ್ತಿದೆ. ಜೊತೆಗೆ "ಬಫರ್ ಐ/ಒ ಎರರ್" ಅನ್ನೋ ಸಾಲೂ, ಅದರಲ್ಲಿ "ಎಸ್‌ಆರ್0" ಅನ್ನೋ ಹೆಸರೂ ಇದ್ರೆ ಡಿವಿಡಿ ಓದೋದ್ರಲ್ಲೇ ತಪ್ಪು, ಎಸ್‌ಆರ್0 ಅಂದ್ರೆ ಡಿವಿಡಿ ಡ್ರೈವ್. ಆ ಸಾಲು ಇಲ್ಲದೆ ಬರೀ ಸ್ಕ್ವಾಷ್‌ಎಫ್‌ಎಸ್ ಬಂದ್ರೆ ನನ್ನ ಅನುಮಾನ ರ‍್ಯಾಮ್ ಮೇಲೆ. ಎರಡು ಸಲ ಬೂಟ್ ಮಾಡಿ ಎರರ್ ಸಾಲಿನಲ್ಲಿರೋ ಸಂಖ್ಯೆ ಬರ್ಕೊಳ್ಳಿ. ಎರಡೂ ಸಲ ಅದೇ ಸಂಖ್ಯೆ ಬಂದ್ರೆ ಡಿಸ್ಕಿನ ಆ ಜಾಗ ಕೆಟ್ಟಿದೆ. ಪ್ರತಿ ಸಲ ಬೇರೆ ಬಂದ್ರೆ ರ‍್ಯಾಮ್ ಅಥವಾ ಕೇಬಲ್.

ಮೆನುವಿನಲ್ಲೇ "ಇಂಟೆಗ್ರಿಟಿ ಚೆಕ್" ಇದೆ, ಡಿಸ್ಕ್‌ಗೆ. "ಮೆಮೊರಿ ಟೆಸ್ಟ್" ಇದೆ, ರ‍್ಯಾಮ್‌ಗೆ. ಕನಿಷ್ಠ ಒಂದು ಸುತ್ತು ಪೂರ್ತಿ ಓಡಲಿ. ಒಂದೇ ಒಂದು ಕೆಂಪು ಸಾಲು ಬಂದ್ರೂ ಎರಡು ರ‍್ಯಾಮ್ ಕಡ್ಡಿಯಲ್ಲಿ ಒಂದನ್ನ ತೆಗೆದು ಮತ್ತೆ ಓಡಿಸಿ. ಚಿನ್ನದ ಬಣ್ಣದ ಹಲ್ಲುಗಳನ್ನ ಪೆನ್ಸಿಲ್ ಅಳಿಸೋ ರಬ್ಬರ್‌ನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ ಹಾಕಿದ್ರೆ ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗ್ತೈತೆ.

ಹೊಳಲ್ಕೆರೆ ಡಿಟಿಪಿ · ಸಂಜೆ 4:05

ಇದೇ ಎಳೆಯಲ್ಲಿ ನನ್ನದೊಂದು ಕೇಳಲೇ? ಪ್ರೆಸ್ ಕೆಲಸಕ್ಕೆ ಪೇಜ್‌ಮೇಕರ್ (ಪುಟ ವಿನ್ಯಾಸದ ತಂತ್ರಾಂಶ), ಹಳೇ ನುಡಿ ಎರಡೂ ಬೇಕು, ಅದಕ್ಕೆ ವಿಂಡೋಸ್ 7. ಬೋರ್ಡ್ ಎಚ್110, ಆರನೇ ತಲೆಮಾರಿನ ಐ3. ಡಿವಿಡಿ ಬೂಟ್ ಆಗುತ್ತೆ, "ಲೋಡಿಂಗ್ ಫೈಲ್ಸ್" ಪಟ್ಟಿ ತುಂಬುತ್ತೆ, ಭಾಷೆ ಆರಿಸೋ ಕಿಟಕಿ ಬಂದ ತಕ್ಷಣ ಮೌಸ್ ಕೀಬೋರ್ಡ್ ಎರಡೂ ಸಾಯುತ್ತವೆ. ಪಿಎಸ್2 (ಯುಎಸ್‌ಬಿ ಅಲ್ಲದ, ಹಳೇ ದುಂಡು ಪಿನ್ನಿನ) ಕೀಬೋರ್ಡ್ ಹಾಕಿ ಮುಂದೆ ಹೋದರೆ "ಎ ರಿಕ್ವೈರ್ಡ್ ಸಿಡಿ ಡಿವಿಡಿ ಡ್ರೈವ್ ಡಿವೈಸ್ ಡ್ರೈವರ್ ಈಸ್ ಮಿಸ್ಸಿಂಗ್". ಡ್ರೈವ್ ಯುಎಸ್‌ಬಿಯದು. ಡಿವಿಡಿ ಮೂರು ಸಲ ಬದಲಾಯಿಸಿದೆ.

ತುಂಗಭದ್ರಾ ದಂಡೆ · 4:40

ಅಕ್ಕಾ, ಡಿವಿಡಿ ಬದಲಾಯಿಸೋದು ನಿಲ್ಲಿಸಿ, ಅದರಲ್ಲಿ ತಪ್ಪಿಲ್ಲ. ಬೆಳಿಗ್ಗೆ ಹೇಳಿದ ಮೂರನೇ ಸರದಿಯ ತೊಂದರೆಗೆ ಇದಕ್ಕಿಂತ ಶುದ್ಧ ಉದಾಹರಣೆ ಇಲ್ಲ. ಇಂಟೆಲ್ 2015ರಲ್ಲಿ ಬಂದ ಈ ಆರನೇ ತಲೆಮಾರಿನ ಬೋರ್ಡ್‌ಗಳಲ್ಲಿ ಹಳೇ ಇಎಚ್‌ಸಿಐ ಯುಎಸ್‌ಬಿ ನಿಯಂತ್ರಕವನ್ನ ತೆಗೆದುಹಾಕಿತು. ಉಳಿದದ್ದು ಅದರ ಹೊಸ ರೂಪ ಎಕ್ಸ್‌ಎಚ್‌ಸಿಐ ಮಾತ್ರ. 2009ರ ವಿಂಡೋಸ್ 7 ಡಿವಿಡಿಯಲ್ಲಿ ಅದಕ್ಕೆ ಡ್ರೈವರ್ ಇಲ್ಲ. ಬಯಾಸ್ ಓದುವವರೆಗೆ ಎಲ್ಲಾ ಸಲೀಸು. ವಿಂಡೋಸ್ ಕರ್ನಲ್ ಎದ್ದ ಗಳಿಗೆಯಲ್ಲಿ ಬೋರ್ಡ್‌ನ ಎಲ್ಲಾ ಯುಎಸ್‌ಬಿ ಪೋರ್ಟ್ ಅದಕ್ಕೆ ಕುರುಡು: ಮೌಸ್, ಕೀಬೋರ್ಡ್, ನಿಮ್ಮ ಡಿವಿಡಿ ಡ್ರೈವ್, ಮೂರೂ ಒಟ್ಟಿಗೆ.

ಸುಲಭದ ದಾರಿ, ಒಳಗಿನ ಸಾಟಾ ಡಿವಿಡಿ ಡ್ರೈವ್ ಹಾಕಿ, ಕೀಬೋರ್ಡ್ ಪಿಎಸ್2 ಇಡಿ. ಸಾಟಾಗೆ ಡ್ರೈವರ್ ಡಿವಿಡಿಯಲ್ಲೇ ಇದೆ. ಇನ್‌ಸ್ಟಾಲ್ ಮುಗಿದ ಮೇಲೆ ಬೋರ್ಡ್ ಜೊತೆ ಬಂದ ಸಿಡಿಯಿಂದ ಯುಎಸ್‌ಬಿ ಡ್ರೈವರ್ ಹಾಕಿ. ಎರಡನೇ ದಾರಿ, ಬಯಾಸ್‌ನಲ್ಲಿ "ವಿಂಡೋಸ್ 7 ಇನ್‌ಸ್ಟಲೇಷನ್" ಥರದ ಆಯ್ಕೆ ಇದ್ದರೆ ಆನ್ ಮಾಡೋದು, ಕೆಲವು ಬೋರ್ಡ್‌ಗಳಲ್ಲಿ ಇದೆ. ಮೂರನೆಯದು ಯುಎಸ್‌ಬಿ 3 ಡ್ರೈವರ್ ಅನ್ನ ಡಿವಿಡಿಗೇ ಸೇರಿಸಿ ಹೊಸ ಐಎಸ್‌ಒ ಮಾಡೋದು. ಡಿಐಎಸ್‌ಎಂ (ವಿಂಡೋಸ್‌ನದೇ ಒಂದು ಉಪಕರಣ) ಬಳಸಿ ಬೂಟ್ ಡಾಟ್ ವಿಮ್ ಫೈಲಿನ 1 ಮತ್ತು 2ನೇ ಭಾಗ ಎರಡಕ್ಕೂ, ಇನ್‌ಸ್ಟಾಲ್ ಡಾಟ್ ವಿಮ್‌ನಲ್ಲಿ ನಿಮ್ಮ ಆವೃತ್ತಿಗೂ ಸೇರಿಸಬೇಕು. ಬಹಳ ಜನ 2ನೇ ಭಾಗ ಮರೆತು ಮತ್ತೆ ಇಲ್ಲೇ ಬಂದು ನಿಲ್ತಾರೆ.

ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ಬಯಾಸ್ ಪದ್ಧತಿಯನ್ನ ಅನುಕರಿಸೋ ಭಾಗ) ಆನ್, ಸೆಕ್ಯೂರ್ ಬೂಟ್ (ಒಪ್ಪಿದ ಸಹಿ ಇಲ್ಲದ ಬೂಟ್ ಲೋಡರ್ ತಡೆಯೋ ಕಾವಲು) ಆಫ್ ಇರಲೇಬೇಕು. ಸಿಎಸ್‌ಎಂ ಆಫ್ ಇದ್ದರೆ ವಿಂಡೋಸ್ 7 "ಸ್ಟಾರ್ಟಿಂಗ್ ವಿಂಡೋಸ್" ಚಿತ್ರದಲ್ಲೇ ಕಲ್ಲಾಗಿ ನಿಲ್ಲುತ್ತೆ. ಪರದೆಗೆ ಚಿತ್ರ ಬಿಡೋಕೆ ಅದಕ್ಕೆ ಹಳೇ ಬಯಾಸ್‌ನ ವಿಡಿಯೊ ಸೇವೆ ಬೇಕು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ: ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಭದ್ರತಾ ಅಪ್‌ಡೇಟ್ ನಿಂತಿದೆ. ಆ ಮಷೀನ್ ನೆಟ್‌ಗೆ ಹೋಗದಿರಲಿ. ಇಲ್ಲವೇ ಹೊಸ ವಿಂಡೋಸ್ ಹಾಕಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸೋ ತಂತ್ರಾಂಶ) ಒಳಗೆ 7 ಇಟ್ಟುಕೊಳ್ಳಿ. ಅಲ್ಲಿ ಐಎಸ್‌ಒ ಫೈಲೇ ಡಿವಿಡಿ ಆಗೋದರಿಂದ ಈ ಯುಎಸ್‌ಬಿ ತಕರಾರೇ ಇರಲ್ಲ.

ಹೊಳಲ್ಕೆರೆ ಡಿಟಿಪಿ · 5:30

ಸಾಟಾ ಡ್ರೈವ್ ಹಾಕಿದೆ, ಡ್ರೈವರ್ ಕೇಳಲಿಲ್ಲ. ಈಗ ಪಾರ್ಟಿಷನ್ ಹತ್ತಿರ "ವಿಂಡೋಸ್ ಕ್ಯಾನಾಟ್ ಬಿ ಇನ್‌ಸ್ಟಾಲ್ಡ್ ಟು ದಿಸ್ ಡಿಸ್ಕ್", ಜಿಪಿಟಿ ಅಂತೆ. ಡಿ ಡ್ರೈವ್‌ನಲ್ಲಿ ಗಿರಾಕಿಗಳ ಫೈಲ್ ಇವೆ, ಅಳಿಸುವ ಹಾಗಿಲ್ಲ.

ತುಂಗಭದ್ರಾ ದಂಡೆ · 5:38

ಅಳಿಸಬೇಡಿ! ನೆಟ್‌ನಲ್ಲಿ ಹುಡುಕಿದರೆ ಶಿಫ್ಟ್ ಎಫ್10 ಒತ್ತಿ ಡಿಸ್ಕ್‌ಪಾರ್ಟ್ ತೆಗೆದು "ಕ್ಲೀನ್" ಕೊಡಿ ಅಂತ ಹೇಳ್ತಾರೆ. ಅದು ಡಿಸ್ಕಿನ ಎಲ್ಲಾ ಪಾರ್ಟಿಷನ್ ಪಟ್ಟಿಯನ್ನ ಒಂದೇ ಏಟಿಗೆ ತೆಗೆಯುತ್ತೆ, ಡಿ ಡ್ರೈವ್ ಸಮೇತ.

ಬೂಟ್ ಮೆನುವಿನಲ್ಲಿ ನಿಮ್ಮ ಡಿವಿಡಿ ಡ್ರೈವ್ ಎರಡು ಸಲ ಕಾಣುತ್ತೆ, ಒಂದರ ಮುಂದೆ "ಯುಇಎಫ್‌ಐ" ಅಂತ ಇರುತ್ತೆ, ಇನ್ನೊಂದರ ಮುಂದೆ ಇರಲ್ಲ. ಯಾವ ಸಾಲಿನಿಂದ ಬಂದಿರೋ ಅದೇ ಡಿಸ್ಕ್ ಹೇಗಿರಬೇಕು ಅಂತ ತೀರ್ಮಾನ ಮಾಡುತ್ತೆ. ಜಿಪಿಟಿ, ಎಂಬಿಆರ್ ಅಂದರೆ ಡಿಸ್ಕಿನ ಪಾರ್ಟಿಷನ್ ಪಟ್ಟಿ ಬರೆಯೋ ಎರಡು ಪದ್ಧತಿ, ಮೊದಲನೆಯದು ಹೊಸದು, ಎರಡನೆಯದು ಹಳೇದು. ಯುಇಎಫ್‌ಐ ಸಾಲಿನಿಂದ ಬಂದರೆ ವಿಂಡೋಸ್ ಜಿಪಿಟಿ ಡಿಸ್ಕ್ ಕೇಳುತ್ತೆ, ಇನ್ನೊಂದರಿಂದ ಬಂದರೆ ಎಂಬಿಆರ್ ಕೇಳುತ್ತೆ. ನಿಮ್ಮ ಡಿಸ್ಕ್ ಜಿಪಿಟಿ, ಬಂದಿರೋದು ಲೆಗಸಿ ಸಾಲಿನಿಂದ. ಸಿಎಸ್‌ಎಂ ಆನ್ ಇಟ್ಟೇ ಯುಇಎಫ್‌ಐ ಸಾಲು ಆರಿಸಿ. ನಿಮ್ಮದು 64 ಬಿಟ್ ಡಿವಿಡಿ ಆಗಿರಬೇಕು, 32 ಬಿಟ್ ವಿಂಡೋಸ್ 7 ಯುಇಎಫ್‌ಐನಲ್ಲಿ ಬೂಟ್ ಆಗಲ್ಲ. ಫೈಲ್‌ಗಳ ಒಂದು ನಕಲು ಮೊದಲು ಹೊರಗಿನ ಡಿಸ್ಕಿಗೆ ತೆಗೆದಿಡಿ.

"ಪ್ರೆಸ್ ಎನಿ ಕೀ" ಸಾಲು ಕೆಲವೇ ಸೆಕೆಂಡ್ ಇರುತ್ತೆ, ಮೊದಲ ಸಲ ಒತ್ತಲೇಬೇಕು. ಅರ್ಧ ಇನ್‌ಸ್ಟಾಲ್ ಆಗಿ ರೀಸ್ಟಾರ್ಟ್ ಆದಾಗ ಅದೇ ಸಾಲು ಮತ್ತೆ ಬರುತ್ತೆ, ಆಗ ಒತ್ತಬಾರದು. ಒತ್ತಿದರೆ ಮೊದಲಿಂದ ಶುರು.

ಬೆಣ್ಣೆ ಖಾಲಿ · 5:52

ಹಾಸ್ಟೆಲ್‌ನಲ್ಲಿ ಅರ್ಧ ಜನ ಮೂರು ಮೂರು ಸಲ ಇನ್‌ಸ್ಟಾಲ್ ಮಾಡೋದಕ್ಕೆ ಕಾರಣ ಆ ಕೊನೇ ಸಾಲು 😄

ಮೇಷ್ಟ್ರ ಲ್ಯಾಪ್‌ಟಾಪ್ ಬಾಕಿ ಉಳೀತಲ್ಲ?

ಕೋಟೆ ಗಾಳಿ · 6:30

ಲ್ಯಾಪ್‌ಟಾಪ್‌ನಲ್ಲಿ ಎರಡು ತೊಂದರೆ ಒಂದರ ಮೇಲೊಂದು ಕೂತಿವೆ.

ಒಮ್ಮೆ ಬೂಟ್ ಆಗೋದು, ಒಮ್ಮೆ ಆಗದಿರೋದು ಬಹುತೇಕ ಕರೆಂಟ್ ಸಾಲದ್ದಕ್ಕೆ. ಡಿಸ್ಕ್ ತಿರುಗೋಕೆ ಶುರುವಾಗೋ ಕ್ಷಣದಲ್ಲಿ ಹೊರಗಿನ ಡ್ರೈವ್ 1 ಆಂಪಿಯರ್ ಹತ್ತಿರ ಎಳೀಬಹುದು. ಯುಎಸ್‌ಬಿ 2 ಪೋರ್ಟ್ ಕೊಡೋ ಲೆಕ್ಕ 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡೋದು 900. ಒಳಗೆ ನೀಲಿ ಇರೋ ಪೋರ್ಟ್‌ಗೆ ನೇರ ಹಾಕಿ, ಹಬ್ ಬೇಡ, ಉದ್ದದ ಎಕ್ಸ್‌ಟೆನ್ಷನ್ ಬೇಡ, ಚಾರ್ಜರ್ ಹಚ್ಚಿರಲಿ. ಎರಡು ಯುಎಸ್‌ಬಿ ತಲೆಯ ಕವಲು ಕೇಬಲ್ ಡ್ರೈವ್ ಜೊತೆ ಬಂದಿದ್ರೆ ಎರಡೂ ತಲೆ ಹಾಕಿ.

ಒಳಗಿನ ಡಿಸ್ಕ್ ಕಾಣದ್ದು ಬೇರೆ. ಹನ್ನೊಂದನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ (ಒಳಗಿನ ಡಿಸ್ಕ್) ಎಷ್ಟೋ ಸಲ ವಿಎಂಡಿ ಅನ್ನೋ ಇಂಟೆಲ್‌ನ ಡಿಸ್ಕ್ ನಿಯಂತ್ರಕದ ತೆರೆ ಹಿಂದೆ ಇರ್ತೈತೆ. ವಿಂಡೋಸ್ ಇನ್‌ಸ್ಟಾಲರ್‌ಗೂ ಕಾಣಲ್ಲ, ಅಲ್ಲಿ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ "ಲೋಡ್ ಡ್ರೈವರ್"ನಿಂದ ಕೊಡಬೇಕು. ಲಿನಕ್ಸ್‌ಗೆ ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡೋದು, ಅಥವಾ ಸಾಟಾ ಮೋಡ್ ಎಎಚ್‌ಸಿಐ ಮಾಡೋದು ಸುಲಭ.

ಆದ್ರೆ ನಿಲ್ಲಿ. ಅದರಲ್ಲಿ ವಿಂಡೋಸ್ ಈಗ ಇದ್ದು, ಉಳಿಸ್ಕೋಬೇಕು ಅಂದ್ರೆ ನೇರ ಬದಲಾಯಿಸಬೇಡಿ. ಮೊದಲು ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಆನ್ ಇದೆಯಾ ನೋಡಿ, ಇದ್ರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಅದಿಲ್ಲದೆ ಬಯಾಸ್ ಮುಟ್ಟಿದ್ರೆ ಡೇಟಾ ಬೀಗದೊಳಗೆ. ಆಮೇಲೆ ವಿಂಡೋಸ್ ಒಳಗೆ ಬಿಸಿಡಿಎಡಿಟ್ ಅನ್ನೋ ಬೂಟ್ ಸೆಟ್ಟಿಂಗ್ ಕಮಾಂಡ್‌ನಿಂದ ಸೇಫ್‌ಬೂಟ್ ಮಿನಿಮಲ್ ಮಾಡಿ ರೀಸ್ಟಾರ್ಟ್, ಬಯಾಸ್‌ನಲ್ಲಿ ವಿಎಂಡಿ ಆಫ್, ವಿಂಡೋಸ್ ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದು ಸರಿಯಾದ ಡ್ರೈವರ್ ಹಿಡೀಲಿ, ಆಮೇಲೆ ಸೇಫ್‌ಬೂಟ್ ತೆಗೆದು ಮತ್ತೆ ರೀಸ್ಟಾರ್ಟ್. ಈ ಕ್ರಮ ತಪ್ಪಿದ್ರೆ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ನೀಲಿ ಪರದೆ.

ಡಿವಿಡಿ ಹಳೇ ಲಿನಕ್ಸ್‌ದಾದ್ರೆ ಇನ್ನೊಂದು ಕಾಣಬಹುದು: "ಎಸ್‌ಬಿಎಟಿ ಸೆಲ್ಫ್ ಚೆಕ್ ಫೇಲ್ಡ್". 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೇ ಲಿನಕ್ಸ್ ಬೂಟ್ ಲೋಡರ್‌ಗಳನ್ನ ಸೆಕ್ಯೂರ್ ಬೂಟ್‌ನಲ್ಲಿ ತಡೆಯೋ ಹಾಗೆ ಮಾಡಿತು. ಡಿಸ್ಕ್ ಕೆಟ್ಟಿಲ್ಲ. ಹೊಸ ಐಎಸ್‌ಒ ಸುಡಿ, ಇಲ್ಲವೇ ಸೆಕ್ಯೂರ್ ಬೂಟ್ ಆಫ್ ಮಾಡಿ.

ಜಗಳೂರು ಮೇಷ್ಟ್ರು · ಮರುದಿನ, ಬೆಳಿಗ್ಗೆ 11:20

ಲೆಕ್ಕ ಒಪ್ಪಿಸ್ತೇನೆ. ಐಸೊಲಿನಕ್ಸ್ ಎರರ್ ಬಂದದ್ದು: ಅದೇ ಸಿಡಿ ಬೇರೆ ಮಷೀನ್‌ನಲ್ಲಿ ಓಡಿತು, ಲೆನ್ಸ್ ಒರೆಸಿದ ಮೇಲೆ ಇಲ್ಲೂ ಓಡಿತು. ಪಟ್ಟಿಯಲ್ಲಿ ಕಾಣದ್ದಕ್ಕೆ ಸಾಟಾ ಕೇಬಲ್ ಬದಲು. ಟಕ್ ಟಕ್ ಡ್ರೈವ್ ಸಿಡಿ ಓದ್ತದೆ, ಡಿವಿಡಿ ಓದಲ್ಲ. ಅದಕ್ಕೆ ಡೆಬಿಯನ್ ಹಾಕ್ತಿದ್ದೇನೆ. ಸ್ಕ್ವಾಷ್‌ಎಫ್‌ಎಸ್ ಡೆಲ್‌ನಲ್ಲಿ ಪ್ರತಿ ಸಲ ಬೇರೆ ಸಂಖ್ಯೆ ಬಂತು, ಒಂದು ರ‍್ಯಾಮ್ ಕಡ್ಡಿ ತೆಗೆದೆ, 2 ಜಿಬಿಯಲ್ಲಿ ನಡೀತಿದೆ. ಕಪ್ಪು ಪರದೆಯದು ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಮುಗಿಯಿತು. ಲ್ಯಾಪ್‌ಟಾಪ್ ವಿಎಂಡಿನೇ.

ಒಂದೇ ಉಳಿದಿದೆ. ಆ ಡೆಬಿಯನ್ ಮಷೀನ್‌ನಲ್ಲಿ ಮೊಬೈಲ್ ನೆಟ್ ಕೊಟ್ಟ ಮೇಲೆ "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಅಂತ ನಿಲ್ತಿದೆ. ರಾತ್ರಿ ಸರಿ ಮಾಡಿಟ್ಟ ಬೂಟ್ ಕ್ರಮವೂ ಬೆಳಿಗ್ಗೆ ಮಾಯವಾಗಿತ್ತು.

ಖಾರಮಂಡಕ್ಕಿ · 11:34

ಎರಡಕ್ಕೂ ಒಂದೇ ಕಾರಣ, ಸೆಲ್. ಬಯಾಸ್‌ನಾಗೆ ತಾರೀಖು ನೋಡ್ರಿ, ಎಷ್ಟೋ ವರ್ಷ ಹಿಂದಿಂದು ಇರ್ತತಿ. ಡೆಬಿಯನ್ ಫೈಲು ಇವತ್ತಿಂದು, ಮಷೀನ್ ಲೆಕ್ಕದಾಗೆ ಆ ದಿನ ಇನ್ನೂ ಹುಟ್ಟೇ ಇಲ್ಲ, ಅದಕ್ಕೇ "ಇನ್ನೂ ಚಾಲ್ತಿ ಆಗಿಲ್ಲ" ಅಂತತಿ. ಪ್ಲಗ್ ತೆಗೆದ ರಾತ್ರಿ ಬೂಟ್ ಕ್ರಮಾನೂ ಮರೆತು ಕುಂತತಿ.

ಬೋರ್ಡ್ ಮೇಲೆ ರೂಪಾಯಿ ನಾಣ್ಯದ ಥರದ್ದು ಐತಲ್ಲ, ಸಿಆರ್2032, 3 ವೋಲ್ಟ್. ಮೀಟರ್ ಇದ್ರೆ ಇಟ್ಟು ನೋಡ್ರಿ, 2.7ಕ್ಕಿಂತ ಕೆಳಗೆ ಬಂದಿದ್ರೆ ಬದಲಿಸ್ರಿ. 2025, 2016 ಅಂತ ಕೊಟ್ರೆ ತಗೋಬ್ಯಾಡ್ರಿ, ಅವು ತೆಳು, ಸಡಿಲ ಕೂರ್ತವೆ. ಪ್ಲಸ್ ಬರೆದ ಮುಖ ಮ್ಯಾಲೆ. ಹಾಕಿದ ಮೇಲೆ ಬಯಾಸ್‌ಗೆ ಹೋಗಿ ತಾರೀಖು, ಟೈಮು, ಬೂಟ್ ಕ್ರಮ ಮೂರೂ ಕೂರ್ಸಿ ಎಫ್10 ಒತ್ತಿ ಸೇವ್ ಮಾಡ್ರಿ. ಜಿ31 ಐದೂ ಒಂದೇ ವಯಸ್ಸಿನವು, ಒಂದರದು ಹೋತು ಅಂದ್ರೆ ಉಳಿದವೂ ಸಾಲಿನಾಗೆ ಅವೆ. ಐದು ಸೆಲ್ ಒಟ್ಟಿಗೆ ತಗೊಂಡ್ಬಿಡ್ರಿ.

ಜಗಳೂರು ಮೇಷ್ಟ್ರು · ಮಧ್ಯಾಹ್ನ 3:02

ತಾರೀಖು 2008ರ ಜನವರಿ ತೋರಿಸ್ತಿತ್ತು. ಮೀಟರ್‌ನಲ್ಲಿ 1.9. ಸೆಲ್ ಹಾಕಿದೆ, ಡೆಬಿಯನ್ ಫೈಲ್ ಇಳಿಸಿಕೊಳ್ತಿದೆ.